ಫೋಟೋ ಬೇಡ ಅಂದರೆ ಮಾತೂ ಬೇಡ ಅಂತಲ್ಲ

ನಮ್ಮ ಬೀದಿಯ ಕೊನೆಯಲ್ಲಿ ನೆಲದ ಮೇಲೇ ಕಟ್ಟಿದ ದೊಡ್ಡ ನೀರಿನ ಟ್ಯಾಂಕ್ ಇದೆ. ಎರಡು ಮಹಡಿ ಎತ್ತರ. ಅರ್ಧ ಊರು ಅದರ ನೀರನ್ನೇ ಕುಡಿಯುತ್ತದೆ. ಅದರ ಪಕ್ಕದ್ದೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್, ಅದರ ಪಕ್ಕ ನನ್ನ ಗಂಡನ ಫೋಟೋ ಸ್ಟುಡಿಯೋ, ಹಿಂದಿನ ಕೋಣೆಯಲ್ಲಿ ನಮ್ಮ ಅತ್ತೆಯ ಮಂಚ. ಆ ಕೋಣೆಗೂ ಟ್ಯಾಂಕಿನ ಗೋಡೆಗೂ ನಡುವೆ ಇರುವುದು ನಾಲ್ಕು ಹೆಜ್ಜೆಯ ಓಣಿ, ಅಷ್ಟೆ.

ಒಂದು ಬೆಳಿಗ್ಗೆ ಅತ್ತೆ ಕಿಟಕಿಯಿಂದಲೇ ಕೂಗಿದರು. "ಏ ಇವಳೇ, ಬಾ ಇಲ್ಲಿ. ಗೋಡೆ ಬೆವರ್ತಾ ಇದೆ ನೋಡು."

ಓಣಿಗೆ ಹೋಗಿ ನೋಡಿದೆ. ಬುಡದ ಹತ್ತಿರ ದಾರದಷ್ಟು ಸಣ್ಣ ಬಿರುಕು. ಅದರಿಂದ ನೀರು ಜಿನುಗುತ್ತಿತ್ತು. ಗಂಡನನ್ನು ಕೂಗಿ ಕರೆದೆ.

ನನ್ನ ಗಂಡ ತಕ್ಷಣ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರು. ಊರಿನಲ್ಲಿ ಅವರನ್ನು ಕರೆಯುವುದೇ "ಸ್ವಲ್ಪ ನಗಿ" ಎಂದು. ಕ್ಯಾಮೆರಾ ಮುಂದೆ ಯಾರು ಕೂತರೂ ಅದನ್ನೇ ಹೇಳುತ್ತಾರೆ. ಬಿರುಕಿಗೂ ಹೇಳಿದರೋ ಏನೋ, ನನಗೆ ಗೊತ್ತಿಲ್ಲ. ಎರಡು ಫೋಟೋ ತೆಗೆಯುವಷ್ಟರಲ್ಲಿ ಕಾವಲುಗಾರ ಓಡಿ ಬಂದ. ಗೇಟಿನ ಮೇಲೆ ಬೋರ್ಡೇ ಇತ್ತು: ರಕ್ಷಿತ ಸ್ಥಳ, ಛಾಯಾಚಿತ್ರ ನಿಷಿದ್ಧ. ಅವನು ಕರೆಸಿದ ಪೊಲೀಸರು ಕ್ಯಾಮೆರಾ ಕಿತ್ತುಕೊಂಡು, ಜಪ್ತಿ ಮಾಡಿದ್ದಕ್ಕೆ ಒಂದು ಚೀಟಿ ಕೈಗಿಟ್ಟು ಕಳಿಸಿದರು. ನನ್ನ ಗಂಡ ಮನೆಗೆ ಬಂದವರೇ ಬಾಗಿಲು ಹಾಕಿದರು.

"ಇನ್ನು ಆ ಗೋಡೆ ವಿಷಯ ಈ ಮನೇಲಿ ಯಾರೂ ಎತ್ತಬೇಡಿ" ಎಂದರು. "ಆ ಬೋರ್ಡಲ್ಲಿರೋದು ಊರಿನ ನಿಯಮ ಅಲ್ಲ, ಇಡೀ ದೇಶದ ಕಾನೂನು."

"ಹಾಗಂತ ಬಿರುಕು ಮುಚ್ಚಿಹೋಗುತ್ತಾ?" ಎಂದೆ.

"ಬಾಯಿ ಮುಚ್ಕೊಂಡಿರು ಅಂದೆನಲ್ಲ!"

ಇರಲಿ ಬಿಡು ಎಂದುಕೊಂಡೆ. ಹೆದರಿದವರ ಹತ್ತಿರ ವಾದ ಮಾಡಿ ಏನು ಬಂತು? ಆದರೆ ದಿನಾ ಬಟ್ಟೆ ಒಣಹಾಕಲು ಓಣಿಗೆ ಹೋಗುವವಳು ನಾನು. ಕೊರಳಲ್ಲಿ ಅಳತೆ ಟೇಪು ಇದ್ದೇ ಇರುತ್ತದೆ. ಕೈ ಸುಮ್ಮನಿರಲಿಲ್ಲ. ಮೊದಲ ದಿನ ಬಿರುಕು ಒಂಬತ್ತು ಇಂಚು ಇತ್ತು. ನಾಲ್ಕನೇ ದಿನ ಹದಿನಾಲ್ಕು. ಒಂಬತ್ತನೇ ದಿನ ಇಪ್ಪತ್ತಮೂರು. ನನ್ನ ಅಳತೆ ಪುಸ್ತಕದಲ್ಲಿ ಭುಜ, ತೋಳು, ಸೊಂಟ ಎಂದು ಗೆರೆ ಎಳೆದಿರುತ್ತೇನೆ. ಗಿರಾಕಿಯ ಹೆಸರಿನ ಜಾಗದಲ್ಲಿ "ಗೋಡೆ" ಎಂದು ಬರೆದು, ತೋಳಿನ ಸಾಲಿನಲ್ಲಿ ತಾರೀಖು ಹಾಕಿ ಇಂಚು ತುಂಬಿಸುತ್ತಾ ಹೋದೆ.

ಹನ್ನೆರಡನೇ ದಿನ ಆ ಪುಟ ಗಂಡನ ಕಣ್ಣಿಗೆ ಬಿತ್ತು.

"ಏನಿದು? ಈಗಲೇ ಹರಿದು ಹಾಕು! ಇದನ್ನೂ ಸಾಕ್ಷಿ ಮಾಡ್ಕೋತಾರೆ. ಈ ಸಲ ನಿನ್ನನ್ನೇ ಎಳ್ಕೊಂಡು ಹೋಗ್ತಾರೆ."

ಅದೇ ಹೊತ್ತಿಗೆ ಕೋಟಿಗೆ ಗುಂಡಿ ಹಾಕಿಸಲು ಟೈಪಿಸ್ಟ್ ಅಕ್ಕ ಬಂದರು. ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿ ನಿವೃತ್ತರಾದವರು. ಏನು ಓದಿದರೂ ಕಾಮಾ, ಫುಲ್‌ಸ್ಟಾಪ್ ಸಮೇತ ಓದುವ ಅಭ್ಯಾಸ ಅವರಿಗೆ. ಇಬ್ಬರ ಮುಖ ನೋಡಿಯೇ, "ಏನ್ರಪ್ಪಾ, ಗಂಡ ಹೆಂಡತಿ ಯುದ್ಧ?" ಎಂದರು. ನಾನು ಎಲ್ಲವನ್ನೂ ಹೇಳಿದೆ.

"ಆ ಕಾನೂನು ನೀನು ಓದಿದ್ದೀಯೇನಪ್ಪಾ?" ಎಂದು ನನ್ನ ಗಂಡನನ್ನು ಕೇಳಿದರು.

"ಓದೋದೇನಿದೆ ಅಕ್ಕ? ಬೋರ್ಡಲ್ಲೇ ಬರೆದಿದೆ."

"ಬೋರ್ಡು ಒಂದು ಸಾಲು. ಕಾನೂನು ಎಷ್ಟೋ ಪುಟ. ಇರು, ನಾಳೆ ಬರ್ತೀನಿ."

ಮಾರನೆಯ ದಿನ ಲೈಬ್ರರಿಯಿಂದ ನಕಲು ತೆಗೆಸಿಕೊಂಡು ಬಂದರು. ಕನ್ನಡಕ ಏರಿಸಿ ಓದಿದರು. "ರಕ್ಷಿತ ಸ್ಥಳದ ಛಾಯಾಚಿತ್ರ, ಕಾಮಾ, ರೇಖಾಚಿತ್ರ ಅಥವಾ ನಕ್ಷೆಯನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ, ಫುಲ್‌ಸ್ಟಾಪ್." ಕೊನೆಯ ಪುಟದವರೆಗೂ ಹಾಗೇ ಓದಿದರು. ಅತ್ತೆ ಎರಡು ಸಲ ಆಕಳಿಸಿದರು.

"ಈಗ ಹೇಳಪ್ಪಾ. ಬಿರುಕು ಬಿಟ್ಟಿದೆ ಅಂತ ಸರ್ಕಾರಕ್ಕೆ ಕಾಗದ ಬರೀಬೇಡಿ ಅಂತ ಇದರಲ್ಲಿ ಎಲ್ಲಾದ್ರೂ ಇತ್ತಾ?"

ನನ್ನ ಗಂಡ ಕಾಗದ ಇಸಿದುಕೊಂಡು ತಾವೇ ಮತ್ತೆ ಓದಿದರು. ಇರಲಿಲ್ಲ.

"ನಾನೇನು ಅಂದ್ಕೊಂಡೆ ಅಂದ್ರೆ..." ಎಂದು ತಡವರಿಸಿದರು. "ಫೋಟೋ ತೆಗೀಬಾರದು ಅಂದ ಮೇಲೆ ಅದರ ಬಗ್ಗೆ ಮಾತೂ ಆಡಬಾರದು ಅಂತ."

ಫೋಟೋ ತೆಗೆಯುವವರಿಗೆ ಮಾತ್ರ ಬರುವ ಯೋಚನೆ ಇದು! ತೆಗೆಯಲಾಗದ್ದನ್ನು ಹೇಳಲೂ ಆಗದು ಎಂದುಕೊಂಡುಬಿಟ್ಟಿದ್ದರು ಪಾಪ.

"ಹಾಗಾದ್ರೆ ಈ ಕಾನೂನು ಸರಿ ಇದೆ ಅಂತೀರಾ?" ಎಂದು ನಾನೇ ರೇಗಿದೆ. "ನಮ್ಮ ಮನೆ ಪಕ್ಕದ ಗೋಡೆ. ನಮ್ಮ ಕ್ಯಾಮೆರಾ. ಕಳ್ಳರ ಹಾಗೆ ನಡೆಸ್ಕೊಂಡ್ರಲ್ಲ!"

ಅಕ್ಕ ಸಮಾಧಾನವಾಗಿಯೇ ಹೇಳಿದರು. "ನೋಡಮ್ಮ, ಕುಡಿಯೋ ನೀರಿಗೆ ಯಾರೂ ಕೆಡುಕು ಮಾಡಬಾರದು. ಅದಕ್ಕೇ ಫೋಟೋ ಬೇಡ ಅಂದಿದ್ದಾರೆ. ಕಾರಣ ಇದೆ. ಎಲ್ಲರ ಕ್ಷೇಮಕ್ಕಾಗಿ ಒಬ್ಬೊಬ್ಬರ ಸ್ವಾತಂತ್ರ್ಯಕ್ಕೆ ಕಾನೂನು ಒಂದು ಮಿತಿ ಹಾಕಬಹುದು. ಆದರೆ ಎಷ್ಟು ಬೇಕೋ ಅಷ್ಟೇ ಹಾಕ್ಬೇಕು. ನೀನು ಕಾಲರ್ ಹೊಲಿದಾಗ ಕುತ್ತಿಗೆ ಹತ್ರ ಬೆರಳು ಇಟ್ಟು ನೋಡ್ತೀಯಲ್ಲ, ಉಸಿರಾಡೋಕೆ ಜಾಗ ಇದೆಯಾ ಅಂತ? ಕಾನೂನಿಗೂ ಹಾಗೇ ನೋಡ್ಬೇಕು. ದೂರು ಕೊಡೋಕೆ ಅಂತ ತೆಗೆದ ಫೋಟೋಗೂ ಕ್ಯಾಮೆರಾ ಕಿತ್ಕೊಳ್ಳೋದು ಬಿಗಿ ಜಾಸ್ತಿ ಆಯ್ತು. ಅದನ್ನ ತಿದ್ದಿ ಅಂತ ನಮ್ಮ ಜನಪ್ರತಿನಿಧಿಯನ್ನ ಕೇಳೋಣ. ಬೇಕಾದ್ರೆ ಕೋರ್ಟಿಗೂ ಹೋಗಬಹುದು. ತಿದ್ದೋವರೆಗೆ ಮುರಿಯೋದು ಬೇಡ. ಆದರೆ ಅದರಲ್ಲಿ ಇಲ್ಲದ್ದನ್ನ ನಾವೇ ಸೇರಿಸ್ಕೊಂಡು ಪಾಲಿಸೋದೂ ಬೇಡ."

ಆಮೇಲೆ ಪೊಲೀಸರು ಕೊಟ್ಟ ಚೀಟಿಯನ್ನು ತಿರುಗಿಸಿ ತೋರಿಸಿದರು. ಹಿಂದೆ ಸಣ್ಣ ಅಕ್ಷರದಲ್ಲಿತ್ತು: ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಷ್ಟು ದಿನ ಆ ಚೀಟಿಯನ್ನು ಯಾರೂ ತಿರುಗಿಸಿ ನೋಡಿರಲಿಲ್ಲ!

ಅಕ್ಕನ ಜೊತೆ ಕೂತು ದೂರಿನ ಕಾಗದ ಬರೆದೆವು. "ಎಲ್ಲಾ ಸರಿ ಅಕ್ಕ" ಎಂದರು ನನ್ನ ಗಂಡ. "ಆದ್ರೂ ಸಹಿ ಹಾಕೋಕೆ ಭಯ ಆಗುತ್ತೆ."

ಆಗ ಅತ್ತೆ ಮಂಚದಿಂದ ಎದ್ದು ಬಂದರು. "ನಿನ್ನ ಭಯ ನನಗೆ ಅರ್ಥ ಆಗುತ್ತೆ ಮಗಾ. ಆದ್ರೆ ಆ ಗೋಡೆ ಪಕ್ಕ ಮಲಗೋಳು ನಾನು. ಕೊಡು ಇಲ್ಲಿ, ನನ್ನ ಹೆಬ್ಬೆಟ್ಟು ಮೊದಲು ಒತ್ತುತ್ತೀನಿ."

ಅವರ ಹೆಬ್ಬೆಟ್ಟಿನ ಕೆಳಗೆ ಮಗ ಸಹಿ ಹಾಕಿದರು. ಆಮೇಲೆ ನಾನು, ಆಮೇಲೆ ಬೀದಿಯ ಆರು ಮನೆಯವರು. ಫೋಟೋ ಇಲ್ಲ, ಚಿತ್ರ ಇಲ್ಲ. ತಾರೀಖು ಮತ್ತು ಇಂಚು, ಅಷ್ಟೇ ಬರೆದಿದ್ದೆವು. ನೀರು ಸರಬರಾಜು ಕಚೇರಿಯಲ್ಲಿ ಕೊಟ್ಟು, ತಲುಪಿದೆ ಎಂದು ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು.

ದೂರು ಕೊಟ್ಟ ಎರಡನೇ ದಿನ ಎಂಜಿನಿಯರ್ ಬಂದರು. ನನ್ನ ಅಳತೆ ಪುಸ್ತಕವನ್ನೂ ತರಿಸಿಕೊಂಡು ನೋಡಿದರು. "ಸುಮ್ಮನೆ ಬಿರುಕು ಅಂತ ಬರೆದಿದ್ರೆ ಸರದಿ ಮೇಲೆ ಬರ್ತಿದ್ವಿ. ದಿನಾ ಬೆಳೀತಿದೆ ಅಂತ ಬರೆದಿದ್ದಕ್ಕೆ ಓಡಿ ಬಂದ್ವಿ" ಎಂದರು. ಪಕ್ಕದ ಮನೆಗಳನ್ನು ಖಾಲಿ ಮಾಡಿಸಿ, ಸಂಜೆಯೊಳಗೆ ಟ್ಯಾಂಕ್ ಬರಿದು ಮಾಡಿಸಿದರು. ಒಳಗೆ ಇಳಿದು ನೋಡಿದರೆ ಗಾರೆ ಹಕ್ಕಳೆ ಹಕ್ಕಳೆಯಾಗಿ ಉದುರಿತ್ತು, ಕಬ್ಬಿಣ ತುಕ್ಕು ಹಿಡಿದು ತುಂಡಾಗಿತ್ತು. ಮೇಲೆ ಬಂದ ಎಂಜಿನಿಯರ್ ಓಣಿಯ ಈಚೆ ಕಿಟಕಿಯತ್ತ ನೋಡಿ, "ಅಲ್ಲಿ ಯಾರು ಮಲಗ್ತಾರೆ?" ಎಂದು ಕೇಳಿದರು. ನಾನು ಹೇಳಿದೆ. "ಗೋಡೆ ಒಡೆದಿದ್ರೆ ಮೊದಲು ಆ ಕೋಣೆನೇ ಹೋಗ್ತಿತ್ತು" ಎಂದರು.

ಕ್ಯಾಮೆರಾ ಮೇಲ್ಮನವಿಯ ನಂತರ ವಾಪಸ್ಸು ಬಂತು, ಆ ಎರಡು ಫೋಟೋ ಅಳಿಸಿದ್ದರು. ಕಾನೂನು ಇನ್ನೂ ಹಾಗೇ ಇದೆ. ತಿದ್ದುಪಡಿ ಕೇಳಿ ನಮ್ಮ ಬೀದಿಯವರು ಪ್ರತಿನಿಧಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಎರಡನೇ ಪತ್ರ ಬರೆದಿದ್ದೇವೆ. ಬಿಡುವವರಲ್ಲ ನಾವು.

ಆದರೆ ಟ್ಯಾಂಕ್ ಬರಿದಾದ ಸಂಜೆಯನ್ನು ನಾನು ಮರೆಯಲಾರೆ. ನನ್ನ ಗಂಡ ಅತ್ತೆಯ ಕೈ ಹಿಡಿದುಕೊಂಡು ಕೂತಿದ್ದರು. ಕಣ್ಣು ತುಂಬಿತ್ತು. "ಹನ್ನೆರಡು ದಿನ ಬಾಯಿ ಮುಚ್ಕೊಂಡಿದ್ದೆ ಅಮ್ಮಾ" ಎಂದರು. "ಮುಚ್ಚು ಅಂತ ಯಾವ ಕಾನೂನೂ ಹೇಳಿರಲಿಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. "ಕಾನೂನು ಬಿಡಲ್ಲ" ಎಂದು ನೀವೂ ಏನಾದರೂ ನುಂಗಿಕೊಂಡು ಕೂತಿದ್ದೀರಾ? ಹಾಗಾದರೆ ಇವತ್ತೇ ಆ ಕಾನೂನನ್ನು ಓದಿ, ಇಲ್ಲವೇ ಓದಿಸಿ ಕೇಳಿ. ಅರ್ಥವಾಗದಿದ್ದರೆ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆಂದು ವಿಚಾರಿಸಿ. ಏನು ಬೇಡ ಅಂದಿದ್ದಾರೆ, ಯಾಕೆ ಅಂದಿದ್ದಾರೆ, ತಪ್ಪು ಅನಿಸಿದರೆ ಯಾರನ್ನು ಕೇಳಬೇಕು ಎಂದು ತಿಳಿದುಕೊಳ್ಳಿ. ಕೊಟ್ಟ ಚೀಟಿಯನ್ನು ಎರಡೂ ಕಡೆ ನೋಡಿ. ನಿಮ್ಮ ಭಯ ಕಳೆಯುವವರೆಗೂ ಗೋಡೆ ಕಾಯುವುದಿಲ್ಲ.