ಮಾಸ್ ರೂಪರ್ಟನ ಸ್ವಂತ ಇಚ್ಛೆ

ಮಾಸ್ ರೂಪರ್ಟ್ ಕೆಲಸಗಳ್ಳನಲ್ಲ. ಜಮೈಕಾದಿಂದ ಈ ನ್ಯೂಯಾರ್ಕ್ ಸೀಮೆಯ ಸೇಬಿನ ತೋಟಕ್ಕೆ ವರ್ಷವರ್ಷವೂ ಕೊಯ್ಲಿಗೆ ಬರುವ ನಮ್ಮ ಗುಂಪಿನಲ್ಲಿ ಅವನೇ ಹಿರಿಯ. ಅದಕ್ಕೇ ಹೆಸರಿನ ಮೊದಲಿಗೆ ಮರ್ಯಾದೆಯ ಆ ‘ಮಾಸ್’. ಜ್ವರವಿದ್ದರೂ ಏಣಿ ಹತ್ತುವ ಆಸಾಮಿ. ಆದರೆ ಆ ವರ್ಷ ಅವನು ಕೆಲಸ ಬೇಡ ಅಂದನೆಂದು ಸಂಬಳದ ಚೀಟಿಯಲ್ಲೇ ಅಚ್ಚಾಗಿತ್ತು.

ಇಲ್ಲಿನ ಕಾನೂನು ಹೀಗೆ. ಹೊರದೇಶದಿಂದ ಹಂಗಾಮಿಗೆ ಆಳು ಕರೆಸಿಕೊಂಡವನು ದಿನಕ್ಕೆ ಎಷ್ಟು ತಾಸು ಕೆಲಸ ಕೊಟ್ಟೆ, ಆಳು ಎಷ್ಟು ಮಾಡಿದ, ಕಮ್ಮಿಯಾಗಿದ್ದರೆ ಯಾಕೆ ಅಂತ ಬರೆದಿಡಬೇಕು. ಒಪ್ಪಿಕೊಂಡ ಕೆಲಸದಲ್ಲಿ ಮುಕ್ಕಾಲು ಪಾಲಾದರೂ ಕೊಡದಿದ್ದರೆ ಕಮ್ಮಿ ಬಿದ್ದಷ್ಟರ ಕೂಲಿಯನ್ನು ಕೈಯಿಂದ ತೆರಬೇಕು. ಆಳು ತಾನಾಗಿ ಕೆಲಸ ಬೇಡ ಅಂದಿದ್ದರೆ ಮಾತ್ರ ಕರೆಸಿಕೊಂಡವನು ಪಾರು. ನಮ್ಮ ಯಜಮಾನ ಹಾಲಿಸ್ಟರ್ ಆ ಸಂದಿಯಲ್ಲೇ ನುಸುಳಿದ. ಮಳೆ ಬಂದ ಬೆಳಿಗ್ಗೆ ತಾನೇ ಬಂದು ಇವತ್ತು ಕೆಲಸವಿಲ್ಲ ಅಂತ ಹೇಳುವನು. ಆಮೇಲೆ ಕಾರಣದ ಜಾಗದಲ್ಲಿ ‘ಆಳಿನ ಸ್ವಂತ ಇಚ್ಛೆ’ ಅಂತ ಗೀಚುವನು. ಅವನ ಹೆಂಡತಿ ಲೋರೆನ್ ಅದನ್ನು ಹಾಗೇ ಟೈಪು ಮಾಡಿ ರುಜು ಹಾಕುವಳು. ಬಾಯಿ ಬಿಟ್ಟರೆ ಮುಂದಿನ ವರ್ಷ ಕರೆಸುವುದಿಲ್ಲ ಅಂತ ನಾವು ಸುಮ್ಮನಿದ್ದೆವು.

ಹಾಲಿಸ್ಟರನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಪ್ರತಿ ಚೀಟಿಯ ಫೋಟೊ ಊರಿಗೆ ಹೋಗುತ್ತದೆ. ಅಲ್ಲಿ ರೂಪರ್ಟನ ಹೆಂಡತಿ ಇಸಿಲ್ಡಾ ಕನ್ನಡಕ ಹಾಕಿಕೊಂಡು ಬೈಬಲ್ ಓದಿದ ಹಾಗೆ ಅದನ್ನು ಓದುತ್ತಾಳೆ.

“ಸ್ವಂತ ಇಚ್ಛೆ ಅಂತೆ,” ಅಂದಳು ಫೋನಿನಲ್ಲಿ. “ಅವಳ ಹೆಸರೇನು?”

ಮಳೆ ಕಣೆ ಅಂತ ರೂಪರ್ಟ್ ಆಣೆ ಇಟ್ಟ. ಮಳೆ ಅಂತ ಎಲ್ಲೂ ಬರೆದಿಲ್ಲ, ಅಚ್ಚಾದ ಕಾಗದ ನಂಬಲಾ, ನಿನ್ನ ನಂಬಲಾ ಅಂದಳು ಅವಳು. ಚರ್ಚಿನಲ್ಲಿ ನಮ್ಮ ಹೆಂಗಸರೆಲ್ಲ ಚೀಟಿ ಪಕ್ಕಪಕ್ಕ ಹಿಡಿದು ನೋಡಿದರಂತೆ. ಎಲ್ಲ ಗಂಡಸರಿಗೂ ಒಂದೇ ದಿನ ಒಂದೇ ಇಚ್ಛೆ! ಎಲ್ಲರೂ ಒಟ್ಟಿಗೇ ಹೆಂಗಸರ ಹಿಂದೆ ಹೋಗಿದ್ದಾರೆ ಅಂತ ತೀರ್ಮಾನವಾಯಿತು. ನನ್ನವಳೂ ಎರಡು ದಿನ ಮಾತು ಬಿಟ್ಟಳು. ಇಸಿಲ್ಡಾ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ಮನೆಯ ಬೀಗವನ್ನೇ ಬದಲಿಸಿದಳು. ಹಂಗಾಮು ಮುಗಿದ ಮೇಲೆ ನೇರ ನಿನ್ನ ತಂಗಿ ಮನೆಗೆ ಹೋಗು ಅಂದುಬಿಟ್ಟಳು. ಮೂವತ್ತು ವರ್ಷದ ಸಂಸಾರ. ಮುದುಕ ಊಟ ಬಿಟ್ಟ. ನಾನು ಮಾಡಿದ ಮೀನು ಸಾರನ್ನೂ ಮುಟ್ಟಲಿಲ್ಲ.

ಮುಂದಿನ ಮಳೆಯ ಬೆಳಿಗ್ಗೆ ಹಾಲಿಸ್ಟರ್ ಬಿಡಾರಕ್ಕೆ ಬಂದ. ಅವತ್ತು ಸಂಬಳದ ದಿನ, ಚೀಟಿ ಹಂಚಲು ಲೋರೆನ್ನೂ ಜೊತೆಗಿದ್ದಳು. ರೂಪರ್ಟ್ ಅದಾಗಲೇ ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದ. ನಾನು ಫೋನು ಕಿತ್ತುಕೊಂಡು, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ, ನಿಮ್ಮ ಜೊತೆ ಮಾತಾಡಬೇಕಂತೆ ಅಂತ ಹಾಲಿಸ್ಟರನ ಕೈಗಿಟ್ಟೆ.

“ಇವತ್ತು ನನ್ನ ಗಂಡ ಕೆಲಸಕ್ಕೆ ಯಾಕೆ ಹೋಗಿಲ್ಲ ಸ್ವಾಮಿ?” ಅಂದಳು ಇಸಿಲ್ಡಾ.

“ಮಳೆ ಅಮ್ಮಾ. ನಾನೇ ಬೇಡ ಅಂದೆ.”

“ಹೋದ ವಾರ?”

“ಅವತ್ತೂ ಮಳೆಯೇ.”

“ಹಾಗಾದ್ರೆ ಮಳೆ ನಿಮ್ಮೂರಿಂದು, ಇಚ್ಛೆ ಮಾತ್ರ ನನ್ನ ಗಂಡಂದಾ?”

ಲೋರೆನ್ ಹಂಚುತ್ತಿದ್ದ ಚೀಟಿಗಳನ್ನೆಲ್ಲ ವಾಪಸು ಇಸಿದುಕೊಂಡು ಚೀಲಕ್ಕೆ ಹಾಕಿದಳು.

“ಇದಕ್ಕೆಲ್ಲ ರುಜು ಹಾಕಿರೋಳು ನಾನು, ಸುಳ್ಳು ಅಂತ ಸಿಕ್ಕಿಬಿದ್ರೆ ಹೊಣೆ ನನ್ನದೇ, ನೆನಪಿದೆಯಾ?” ಅಂತ ಗಂಡನನ್ನು ಕೇಳಿದಳು. ಅವನು ಅವತ್ತಿಡೀ ಟ್ರ್ಯಾಕ್ಟರ್ ಶೆಡ್ಡಿನಿಂದ ಹೊರಗೆ ಬರಲಿಲ್ಲ.

ಲೋರೆನ್ ಹಟಕ್ಕೆ ಬಿದ್ದಳು. ಮಳೆ ಬಿದ್ದ ದಿನಗಳನ್ನು ಹುಡುಕಿ ತೆಗೆದು, ಹಂಗಾಮಿನ ಮೊದಲಿನಿಂದ ಎಲ್ಲ ಚೀಟಿ ತಿದ್ದಿದಳು. ‘ಮಳೆ, ಮಾಲೀಕರು ಕೆಲಸ ಕೊಡಲಿಲ್ಲ.’ ಮುಕ್ಕಾಲು ಪಾಲಿಗೆ ಎಷ್ಟು ಕಮ್ಮಿ ಬೀಳುತ್ತದೋ ಅಷ್ಟೂ ಕೂಲಿ ಕೊನೆಗೆ ಸಿಗುತ್ತದೆ, ಮುಂದಿನ ವರ್ಷದ ಪಟ್ಟಿ ಬರೆಯುವವಳೂ ನಾನೇ ಅಂದಳು. ರೂಪರ್ಟ್ ಕುಣಿಯುವುದೊಂದು ಬಾಕಿ. ಹೊಸ ಚೀಟಿಯ ಫೋಟೊ ತೆಗೆದು ಕಳಿಸಿ, ಎರಡು ತಟ್ಟೆ ಅನ್ನ ಉಂಡ. ಕೈ ತೊಳೆಯುವಷ್ಟರಲ್ಲಿ ಫೋನು ಬಂತು. ಖುಷಿಯಲ್ಲಿ ನಮಗೆಲ್ಲ ಕೇಳುವ ಹಾಗೆ ಜೋರು ಮಾಡಿದ.

ತಪ್ಪಾಯಿತು, ಹಳೆ ಬೀಗವನ್ನೇ ಹಾಕಿಸುತ್ತೇನೆ ಅಂತ ಇಸಿಲ್ಡಾ ಮೆತ್ತಗೆ ಶುರು ಮಾಡಿದಳು. ಆಮೇಲೆ ಚೀಟಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಕನ್ನಡಕ ಸರಿಮಾಡಿಕೊಂಡಿರಬೇಕು.

“ಎಲ್ಲಾ ಕಡೆ ಮಳೆ ಅಂತ ಮಾಡಿದಾರೆ. ಹದಿನೆಂಟನೇ ತಾರೀಕು ಮಾತ್ರ ಸ್ವಂತ ಇಚ್ಛೆ ಅಂತಲೇ ಇದೆಯಲ್ಲ?”

ನಾವೆಲ್ಲ ನೆಲ ನೋಡಿದೆವು. ಹದಿನೆಂಟು ಒಳ್ಳೇ ಬಿಸಿಲಿನ ದಿನ. ಪಕ್ಕದ ತೋಟದ ಬಿಡಾರದಲ್ಲಿ ಡಾಮಿನೋ ಪಂದ್ಯವಿತ್ತು. ರೂಪರ್ಟ್ ತಾನೇ ರಜೆ ಕೇಳಿಕೊಂಡು ಬೆಳಗಿನಿಂದ ಸಂಜೆವರೆಗೆ ಮೇಜು ಕುಟ್ಟಿ ಕುಟ್ಟಿ ಆಡಿದ್ದ. ಡಾಮಿನೋದಲ್ಲಿ ಮನೆಯ ಮೇಕೆಯನ್ನೇ ಪಣಕ್ಕಿಟ್ಟು ಸೋತ ವರ್ಷ, ಇನ್ನು ಆ ಆಟ ಮುಟ್ಟೋದಿಲ್ಲ ಅಂತ ಚರ್ಚಿನಲ್ಲಿ ಇಸಿಲ್ಡಾಳ ಎದುರಿಗೇ ಬೈಬಲ್ ಮೇಲೆ ಕೈಯಿಟ್ಟವನು ಅವನು. ಬೇರೆ ಹೆಂಗಸು ಅಂದಿದ್ದರೆ ಒಂದೆರಡು ವರ್ಷಕ್ಕೆ ಕ್ಷಮಿಸಿಯಾಳು, ಇದನ್ನಲ್ಲ. ಅಷ್ಟು ಸುಳ್ಳಿನ ನಡುವೆ ಆ ಒಂದು ನಿಜ ಹಾಯಾಗಿ ಅಡಗಿ ಕೂತಿತ್ತು.

ರೂಪರ್ಟ್ ಒಮ್ಮೆ ಕಿಟಕಿಯಾಚೆ ನೋಡಿದ.

“ಅವತ್ತೂ... ಮೋಡ ಇತ್ತು ಕಣೆ,” ಅಂದ.

“ಫೋನು ಆ ಲೋರೆನಮ್ಮನಿಗೆ ಕೊಡು,” ಅಂದಳು ಇಸಿಲ್ಡಾ. “ಅವಳು ನಿಜ ಬರೀತಾಳೆ.”