ವಾರದ ವ್ಯಾಯಾಮ ಒಂದೇ ದಿನಕ್ಕೆ

ನಮ್ಮವ್ವ ಕಾಶವ್ವನಿಗೆ ಗುತ್ತಿಗೆ ಕೆಲಸವೆಂದರೆ ಪ್ರಾಣ. ಇಷ್ಟು ಇಟ್ಟಿಗೆ ಮೇಲೆ ಹೋಗಬೇಕು ಎಂದರೆ ಸಾಕು, ಮಧ್ಯಾಹ್ನದೊಳಗೆ ಸಾಗಿಸಿ ಮನೆಗೆ ಬಂದುಬಿಡುವವಳು. ದಿನಗೂಲಿಯವರನ್ನು ಕಂಡರೆ "ಹೊತ್ತು ಕಳಿಯೋ ಮಂದಿ" ಎಂದು ಮೂಗು ಮುರಿಯುತ್ತಿದ್ದಳು.

೧೯೭೨ರ ಬೇಸಿಗೆಯಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗೊಂದರ ಮೆಟ್ಟಿಲಲ್ಲಿ ಬಿದ್ದು ಅವಳ ಮೊಣಕಾಲ ಚಿಪ್ಪು ಒಡೆಯಿತು. ಸಯನ್ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ನೋಡಲು ಬಂದ, ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ನೀಲಕಂಠಪ್ಪ, "ದೀಪಾವಳಿ ಮಟ ನಿನ್ನ ಜಾಗಾ ಹಿಡದಿಡ್ತೀನಿ. ಆಮ್ಯಾಲೆ ಬ್ಯಾರೇದಾಕಿನ್ನ ತಗೋತೀನಿ" ಎಂದು ಹೇಳಿಹೋದ. ಅಪ್ಪನಿಲ್ಲದ ಮನೆ ನಮ್ಮದು. ಆ ಜಾಗ ಹೋದರೆ ನನ್ನ ಶಾಲೆಯೂ ಹೋದಂತೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟವರು ಉಡುಪಿ ಕಡೆಯ ವಿನೋದಿನಿ ಬಾಯಿ. ಕಾಲು ಚಾಚಿ, ತೊಡೆ ಬಿಗಿಹಿಡಿದು, ಮೇಲೆತ್ತಿ ಹತ್ತು ಎಣಿಸಬೇಕು. ಹೊತ್ತಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವಾರ ಬಿಟ್ಟು ಬಂದು ಕಾಲು ತೋರಿಸಬೇಕು.

ಅವ್ವ ನನ್ನಿಂದ ಲೆಕ್ಕ ಹಾಕಿಸಿದಳು. ವಾರಕ್ಕೆ ಇನ್ನೂರ ಹತ್ತು. ಮರುದಿನ ಚಾಳಿನ ವರಾಂಡದಲ್ಲಿ ಕೂತು ಸಂಜೆಯೊಳಗೆ ಅಷ್ಟನ್ನೂ ಮುಗಿಸಿದಳು. ಎಣಿಸಿದವಳು ನಾನೇ, ದಡ್ಡಿ. ಬೆಳಗಾಗುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿ ಆಗಿತ್ತು.

ವಿನೋದಿನಿ ಬಾಯಿ ಹಣೆ ಚಚ್ಚಿಕೊಂಡರು. "ಎಂತದು ಮಾರಾಯ್ತಿ ಇದು? ಏಳು ದಿನದ ಊಟ ಒಂದೇ ದಿನ ಉಂಡ್ರೆ ಹೊಟ್ಟೆ ಕೇಳ್ತದಾ?"

"ಲಗೂನ ಮುಗಿಸಿದ್ರ ಲಗೂನ ಆರಾಮ ಆಗತೈತಿ ಅಂದ್ಕೊಂಡಿದ್ನಿ, ಬಾಯಾರ" ಎಂದಳು ಅವ್ವ, ತಲೆ ತಗ್ಗಿಸಿ.

ಹದಿನೈದು ದಿನ ಹಾಳಾದವು. ಆಮೇಲೆ ಅವಳು ಹಲ್ಲು ಕಚ್ಚಿ ದಿನಗೂಲಿಯಾದಳು. ಮೂವತ್ತು ಮುಗಿದ ಮೇಲೂ ಕಾಲು ಏಳಲು ನೋಡಿದರೆ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು. ನೋವಿಗಿಂತ ಸುಮ್ಮನೆ ಕೂರುವುದೇ ಅವಳಿಗೆ ದೊಡ್ಡ ಶಿಕ್ಷೆ.

ದೀಪಾವಳಿಗೆ ವಾರವಿರುವಾಗ ಇಬ್ಬರೂ ಬಾಂದ್ರಾಕ್ಕೆ ಹೋದೆವು. ಮೊದಲ ದಿನ ಒಂದೇ ಸಲ ಹತ್ತಬೇಕೆಂದು ವಿನೋದಿನಿ ಬಾಯಿ ತಾಕೀತು ಮಾಡಿದ್ದರು. ಮುಕಾದಮ ಎಂಟು ಇಟ್ಟಿಗೆ ಹೊರಿಸಿ ನಾಲ್ಕನೆಯ ಮಹಡಿ ತೋರಿಸಿದ. ಅವ್ವ ಒಂದೊಂದೇ ಮೆಟ್ಟಿಲು ಹತ್ತಿದಳು, ಇಟ್ಟಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸುತ್ತ ಕೆಳಗೆ ಬಂದಳು.

"ಭೇಷ್. ಇನ್ನೊಂದು ಖೇಪು ಒಯ್ದು ತೋರಸು, ಜಾಗಾ ನಿಂದ" ಎಂದ ಮುಕಾದಮ.

"ಇಲ್ರಿ. ಇವತ್ತಿಂದು ಇಷ್ಟ. ನಾಳಿಂದು ನಾಳಿ ಒಯ್ತೀನಿ."

ಅವನಿಗೆ ಇಲ್ಲ ಎಂದ ಹೆಂಗಸು ಆ ಕೂಲಿ ಗುಂಪಿನಲ್ಲಿ ಅದುವರೆಗೆ ಒಬ್ಬಳೂ ಇರಲಿಲ್ಲ. ನೀಲಕಂಠಪ್ಪ ಅವಳ ಮುಖ ನೋಡಿದ, ಕಾಲು ನೋಡಿದ.

"ನಾಳಿ ಮುಂಜಾನೆ ಎಂಟಕ್ಕ ಬಾ" ಎಂದ.

ಸ್ಟೇಶನ್ನಿನವರೆಗೂ ಅವ್ವ ಮುಂದೆ ನಡೆದಳು. ಈ ಹೆಂಗಸು ಯಾರೆಂದು ಒಬ್ಬರಾದರೂ ನನ್ನನ್ನು ಕೇಳಲಿ ಎಂದು ಎಲ್ಲರ ಮುಖ ನೋಡುತ್ತ ನಾನು ಹಿಂದೆ ನಡೆದೆ.