ತಟ್ಟಿಯ ಆಚೆಗಿನ ಸೋಡಾ

ಆ ವಾರ ಪಾರ್ವತೆಮ್ಮನಿಗೆ ಕೈಕಾಲಿಗಿಂತ ಬಾಯಿಯೇ ಹೆಚ್ಚು ದಣಿದಿತ್ತು.

ಮಸ್ಕಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಅವಳ ಗಂಡ ಆದೆಪ್ಪನ ಚಹಾದಂಗಡಿ. ಅದಕ್ಕೆ ಅಂಟಿಕೊಂಡೇ ಮೈದುನ ಶಿವಶರಣಪ್ಪನ ಸೋಡಾ ಅಂಗಡಿ. ಮೊದಲು ಎರಡೂ ಒಂದೇ ಆಗಿದ್ದವು; ಪಾಲಾದ ಮೇಲೆ ನಡುವೆ ಬಿದಿರಿನ ತಟ್ಟಿ ಬಂದಿತ್ತು. ಈಚೆ ಕೆಮ್ಮಿದರೆ ಆಚೆ ಕೇಳುವಷ್ಟು ತೆಳು ತಟ್ಟಿ. ಆದರೂ ಅಣ್ಣ ತಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಜಗಳ ಹುಟ್ಟಿದ್ದು ನೆರಳಿಗಾಗಿ. ಅಂಗಡಿಗಳ ಮುಂದಿನ ಬೇವಿನ ಮರದ ನೆರಳು ಹೊತ್ತೇರುವ ತನಕ ಆದೆಪ್ಪನ ಕಡೆ ಇರುತ್ತದೆ, ಮಧ್ಯಾಹ್ನಕ್ಕೆ ಶಿವಶರಣಪ್ಪನ ಕಡೆ ಸರಿಯುತ್ತದೆ. ನೆರಳಿನ ಜತೆಗೆ ತಮ್ಮ ಬೆಂಚನ್ನೂ ತನ್ನ ಕಡೆಗೆ ಎಳೆದುಕೊಂಡ. ಬೆಂಚು ನನ್ನ ಪಾಲಿನದು ಎಂದ ಅಣ್ಣ. ಕೂಡುವವರು ನೆರಳಿಗೆ ಬರುತ್ತಾರೆ, ಬೆಂಚಿಗಲ್ಲ ಎಂದ ತಮ್ಮ. ಅದೇ ಅವರ ಕೊನೆಯ ಮಾತು. ಅಲ್ಲಿಂದಾಚೆಗೆ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ಪಾರ್ವತೆಮ್ಮನ ಕಿವಿಯಲ್ಲಿ ಗೊಣಗುತ್ತಿದ್ದರು, ಅವಳು ತಟ್ಟಿಯನ್ನು ಬಳಸಿ ಹೋಗಿ ಆಚೆ ಮುಟ್ಟಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಈ ಇಬ್ಬರೂ ಒಮ್ಮೆಯಾದರೂ ಎದುರುಬದುರು ಮಾತಾಡಬೇಕು, ತನ್ನನ್ನು ಈ ಓಡಾಟದಿಂದ ಬಿಡಿಸಬೇಕು.

ಸಾವಿರದ ಒಂಬೈನೂರ ಐವತ್ತೈದರ ಆ ಬೇಸಿಗೆಯಲ್ಲಿ ಬಿಸಿ ಚಹಾ ಕೇಳುವವರೇ ಇರಲಿಲ್ಲ. ಆದೆಪ್ಪ ಒಲೆಯ ಮುಂದೆ ನೊಣ ಹೊಡೆಯುತ್ತ ಕೂತಿರುವಾಗ, ಸೋಮವಾರ, ಕಾಲುವೆ ಕ್ಯಾಂಪಿನ ಓವರ್ಸಿಯರ್ ಲಾರಿಯಿಂದ ಇಳಿದು ಬಂದರು. ಪ್ರತಿ ಗುರುವಾರ ಸಿಂಧನೂರಿನಿಂದ ಲಿಂಗಸುಗೂರಿಗೆ ತಾವೂ ಸೇರಿ ಹನ್ನೆರಡು ಜನರ ತಂಡ ಕಟ್ಟಿಕೊಂಡು ಹೋಗುವವರು ಅವರು.

"ಹೈದರಾಬಾದಿನಲ್ಲಿ ಒಂದು ಕಡೆ ತಣ್ಣನೆ ಚಾ ಕುಡಿದೆನಯ್ಯಾ. ಹಣ್ಣಿನ ರಸ, ಬರ್ಫು, ಮೇಲೆ ಸೋಡಾ. ಮೂಗಿನಲ್ಲಿ ಜುಮ್ ಅಂತದೆ! ಮಾಡ್ತೀಯಾ? ಗುರುವಾರ ಹನ್ನೊಂದಕ್ಕೆ ಬರ್ತೀವಿ."

"ಅದೇನ್ ದೊಡ್ಡದ್ರೀ ಸಾಹೇಬ್ರ, ಮಾಡಿದ್ರಾತು," ಎಂದುಬಿಟ್ಟ ಆದೆಪ್ಪ. ಲಾರಿ ಹೋದ ಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ: "ಹೆಂಗ ಮಾಡ್ತಾರ ಅದನ್ನ?"

ಮೊದಲ ಸಲ ಅವನು ಎಂದಿನಂತೆ ಹಾಲು ಹಾಕಿಯೇ ಚಹಾ ಕುದಿಸಿದ. ಹಾಲಿಲ್ಲದ ಚಹಾವನ್ನು ಜ್ವರ ಬಂದವರಿಗೆ ಕೊಡುತ್ತಾರೆಯೇ ಹೊರತು ಗಿರಾಕಿಗೆ ಕೊಟ್ಟರೆ ಮರ್ಯಾದೆಯೇ ಎಂಬುದು ಅವನ ವಾದ. ಆರಿಸಿ, ಮೋಸಂಬಿ ರಸ ಹಿಂಡಿದ. ಲಿಂಬೆಯನ್ನೂ ಹಿಂಡಿದ. ಚಹಾ ಒಡೆದು ಪಾತ್ರೆಯ ತಳದಲ್ಲಿ ಗಿಣ್ಣಿನಂತೆ ಕೂತಿತು.

"ಹಾಲು ಬ್ಯಾಡಂತ ಬಡಕೊಂಡೆ," ಎಂದಳು ಪಾರ್ವತೆಮ್ಮ.

"ಬಡಕೊಂಡಿದ್ದು ಈಗ. ಮೊದಲ ಹೇಳಿದ್ದಿಲ್ಲ."

"ಹೇಳಿದ್ದೆ."

"ಮೆಲ್ಲಕ ಹೇಳಿರ್ತಿ."

ಎರಡನೆಯ ಸಲ ಹಾಲು ಹಾಕಲಿಲ್ಲ. ಆದರೆ ತಮ್ಮನ ಹತ್ತಿರ ಸೋಡಾ ಕೇಳಬೇಕಾಗುತ್ತದಲ್ಲ ಎಂದು ಭಜಿಗೆ ಹಾಕುವ ಸೋಡಾಪುಡಿಯನ್ನು ಒಂದು ಚಮಚ ಸುರಿದ. ಅದು ಬುಸ್ಸೆಂದು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದು, ಉಳಿದದ್ದು ಕಪ್ಪಾಗಿ ಸುಮ್ಮನಾಯಿತು. ಪಾರ್ವತೆಮ್ಮ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹೊರಗೆ ಹೋಗಿ ಉಗುಳಿ ಬಂದಳು.

"ಬಟ್ಟಿ ಒಗಿಯೋ ಸಬಕಾರ ನೆಕ್ಕಿದಂಗ ಆತು."

"ಇನ್ನಷ್ಟು ಸಕ್ಕರಿ ಹಾಕಿದ್ರ?"

"ಸಿಹಿ ಸಬಕಾರ ಆಗ್ತದ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾಕು ಹೆಜ್ಜಿ ಆಚೆ ನಿಮ್ಮ ತಮ್ಮ ಗೋಲಿ ಸೋಡಾ ತುಂಬಾಕತ್ತಾನ. ನೀವಿಲ್ಲಿ ಭಜಿ ಸೋಡಾ ಹಾಕಾಕತ್ತೀರಿ. ನಾ ಯಾರ ಮುಂದ ಅಳಲಿ?"

ಬುಧವಾರ ಮಧ್ಯಾಹ್ನಕ್ಕೆ ಆದೆಪ್ಪ ಸೋತ. ಹೆಂಡತಿಯನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿದ. "ಆ ಸೊಕ್ಕಿನವಗ ಹೇಳು. ಹನ್ನೆರಡು ಬಾಟ್ಲಿ ಒಡದು ಕೊಡದಾಗ ಸುರದು ಕೊಡಬೇಕಂತ."

ಅವಳು ಆಚೆ ಹೋಗಿ ಮೆಲ್ಲಗೆ ಹೇಳಿದಳು: "ನಿಮ್ಮಣ್ಣ ಕೇಳ್ಯಾರಪ್ಪ, ನಾಳಿಗೆ ಹನ್ನೆರಡು ಬಾಟ್ಲಿ ಆಗ್ತಾವೇನು, ಕೊಡದಾಗ ಸುರದು ಕೊಡ್ತೀಯೇನು ಅಂತ."

ಶಿವಶರಣಪ್ಪ ಬಾಟಲಿ ತೊಳೆಯುವುದನ್ನು ನಿಲ್ಲಿಸದೆ, ದನಿ ತಗ್ಗಿಸಿ ನಕ್ಕ. "ಕೊಡದಾಗ ಸುರದ್ರ ಗ್ಯಾಸು ಹೋಗಿ ಬರೇ ನೀರು ಉಳೀತದ ಅತ್ತಿಗಿ. ಆ ದಡ್ಡಗ ಅಷ್ಟೂ ತಿಳಿಯಂಗಿಲ್ಲೇನು? ಗ್ಲಾಸಿನ ಮುಂದ ನಾನ ನಿಂತು ಗೋಲಿ ಒತ್ತಬೇಕು."

ಈಚೆ ಬಂದು ಅವಳು ಹೇಳಿದಳು: "ಅವನ ಬಂದು ಕೈಹಚ್ಚತಾನಂತ್ರಿ. ಅಣ್ಣಗ ತ್ರಾಸ ಬ್ಯಾಡ ಅಂದ."

"ಅವ ನನ್ನ ಅಂಗಡ್ಯಾಗ ಕಾಲಿಡಾಕ ಬರಂಗಿಲ್ಲ."

ಆಚೆ ಹೋಗಿ: "ಜಾಗ ಸಣ್ಣದು, ನೀ ಅಲ್ಲೇ ಇರು ಅಂದ್ರಪ್ಪ."

ಹೀಗೆ ಸಂಜೆಯೊಳಗೆ ಆರು ಸಲ ಓಡಾಡಿದಳು. ಒಂದು ಬಾಟಲಿಯೂ ಜಾಗ ಬಿಟ್ಟು ಕದಲಲಿಲ್ಲ. ಬೈಗುಳವನ್ನು ದಾರಿಯಲ್ಲೇ ಕಳಚಿ, ಅದರ ಜಾಗಕ್ಕೆ ಒಂದು 'ಅಣ್ಣಾ', ಒಂದು 'ತಮ್ಮಾ' ಇಟ್ಟು ಮುಟ್ಟಿಸುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅವರು ನಿಜವಾಗಿ ಏನೆಂದರೆಂಬುದು ಅವಳಿಗೇ ಮರೆತುಹೋಗುತ್ತಿತ್ತು.

ಗುರುವಾರ ಹತ್ತು ಗಂಟೆಗೆ ರಾಯಚೂರಿನ ಬಸ್ಸು ಬಂತು. ಕಂಡಕ್ಟರ್ ಇಸ್ಮಾಯಿಲ್‌ಸಾಬ್ ಬಸ್ಸಿನ ನೆತ್ತಿಯಿಂದ ಗೋಣಿಚೀಲ ಇಳಿಸಿದ. ಆದೆಪ್ಪ ಮೊದಲೇ ಹೇಳಿ ತರಿಸಿದ್ದ, ಕಟ್ಟಿಗೆಹೊಟ್ಟಿನಲ್ಲಿ ಸುತ್ತಿದ್ದ ಬರ್ಫಿನ ಗಡ್ಡೆ ದಾರಿಯುದ್ದಕ್ಕೂ ಕರಗಿ ಅರ್ಧವಾಗಿತ್ತು.

"ಲಗೂನ ಬಳಸ್ರೆವ್ವಾ. ಇನ್ನೊಂದು ತಾಸಿಗೆ ಬರೇ ಗೋಣಿ ಉಳೀತದ."

ಚಹಾದ ಡಿಕಾಕ್ಷನ್ ಆರಿ ಸಿದ್ಧವಾಗಿತ್ತು. ಮೋಸಂಬಿ ರಸ ಸೋಸಿ ಇಟ್ಟಿದ್ದಾಗಿತ್ತು. ಹನ್ನೆರಡು ಗ್ಲಾಸು ಸಾಲಾಗಿ ಕೂತಿದ್ದವು. ಆದೆಪ್ಪ ಅವಳ ಹತ್ತಿರ ಬಾಗಿದ. "ಹೋಗು. ಆ ಕತ್ತಿಗೆ ಹೇಳು, ಬಾಟ್ಲಿ ಕೊಟ್ಟು ತನ್ನ ಜಾಗದಾಗ ತೆಪ್ಪಗ ಕೂಡಬೇಕಂತ."

ಪಾರ್ವತೆಮ್ಮ ಹೊರಟಳು. ಬೇವಿನ ಮರದ ಕೆಳಗೆ ಬಂದವಳಿಗೆ, ಈ ಸಲ 'ಕತ್ತೆ'ಯ ಜಾಗದಲ್ಲಿ ಯಾವ ಮಾತು ಇಡಲಿ ಎಂದು ಯೋಚಿಸುವಾಗ ಏನೂ ಸಿಗಲಿಲ್ಲ. ಗೋಣಿಯಿಂದ ನೀರು ಮಣ್ಣಿಗೆ ಇಳಿಯುತ್ತಿತ್ತು. ಮೂರು ವರ್ಷ ಈ ಮೌನವನ್ನು ಸಾಕಿದ್ದು ಆ ಇಬ್ಬರಲ್ಲ, ತಾನೇ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಒಬ್ಬನ ಮಾತು ಇನ್ನೊಬ್ಬನಿಗೆ ಚುಚ್ಚದಂತೆ ನೋಡಿಕೊಂಡಿದ್ದಳು. ಚುಚ್ಚದಿದ್ದ ಮೇಲೆ ಅವರು ಬಾಯಿ ತೆರೆಯುವುದಾದರೂ ಯಾಕೆ?

ಅವಳು ಮುಂದೆ ಹೋಗಲಿಲ್ಲ. ಎರಡೂ ಅಂಗಡಿಗೆ ಕಾಣುವ ಹಾಗೆ ಅಲ್ಲೇ ನಿಂತು ದನಿ ಏರಿಸಿದಳು.

"ಶಿವಶರಣಪ್ಪಾ! ನಿಮ್ಮಣ್ಣ ನಿನಗ ಕತ್ತಿ ಅಂದಾರ. ನಿನ್ನೆ ಸೊಕ್ಕಿನವ ಅಂದಿದ್ರು. ಬಾಟ್ಲಿ ಕೊಟ್ಟು ತೆಪ್ಪಗ ಕೂಡಬೇಕಂತ."

ಸೋಡಾ ಮಷಿನ್ನಿನ ಸದ್ದು ನಿಂತಿತು.

"ಮತ್ತ ರೀ, ನೀವೂ ಕೇಳ್ರಿ. ನಿಮ್ಮ ತಮ್ಮ ನಿಮಗ ದಡ್ಡ ಅಂದಾನ. ಅಣ್ಣಗ ತ್ರಾಸ ಬ್ಯಾಡ ಅಂತ ಅವ ಅಂದಿದ್ದಿಲ್ಲ. ಅದು ನಾ ಹೇಳಿದ್ದು."

ಇಬ್ಬರೂ ಒಟ್ಟಿಗೆ ಹೊರಗೆ ಬಂದರು.

"ಯಾರಿಗಲೇ ದಡ್ಡ ಅಂದಿದ್ದು?"

"ನಿನಗ! ಸೋಡಾ ಕೊಡದಾಗ ಸುರೀತೀನಂತಿ. ಅಪ್ಪ ಇದ್ದಿದ್ರ ಅದೇ ಕೊಡ ನಿನ್ನ ತಲಿ ಮ್ಯಾಲ ಬೋರಲ ಹಾಕ್ತಿದ್ದ!"

"ನೆರಳು ಕಂಡಲ್ಲೆಲ್ಲ ಬೆಂಚು ಎಳಕೊಂಡು ಹೋಗಾವ ನನಗ ಬುದ್ಧಿ ಹೇಳ್ತಾನ!"

"ಬರ್ಫು ಕರಗಾಕತ್ತೈತಿ, ಬೆಂಚಿನ ಪುರಾಣ ಹಚ್ಯಾನ. ಗ್ಲಾಸು ಓರೆ ಹಿಡಿ!"

"ನೀ ಮೊದಲ ಬಾಟ್ಲಿ ತಾ!"

ಬಾಟಲಿಗಳ ಪೆಟ್ಟಿಗೆ ಹೊತ್ತುಕೊಂಡು ಶಿವಶರಣಪ್ಪ ಚಹಾದಂಗಡಿಯೊಳಗೆ ಕಾಲಿಟ್ಟ. ಇಟ್ಟದ್ದನ್ನು ಇಬ್ಬರೂ ಗಮನಿಸಲಿಲ್ಲ. ಆದೆಪ್ಪ ಗ್ಲಾಸಿಗೆ ಬರ್ಫು, ರಸ, ಡಿಕಾಕ್ಷನ್ ಹಾಕಿ ಓರೆಯಾಗಿ ಹಿಡಿದ. ತಮ್ಮ ಗೋಲಿ ಒತ್ತಿ ಅಂಚಿನಿಂದ ನಿಧಾನಕ್ಕೆ ಇಳಿಸಿದ. ಕೆಂಪು ಚಹಾದೊಳಗೆ ಸಣ್ಣ ಗುಳ್ಳೆಗಳು ಸರಸರ ಮೇಲೆದ್ದವು. ರಸ ಹೆಚ್ಚಾಯಿತೆಂದು ಒಬ್ಬ, ಕೈ ನಡುಗಿಸಬೇಡವೆಂದು ಇನ್ನೊಬ್ಬ. ಲಾರಿ ಬಂದು ನಿಂತಾಗಲೂ ಬೈದಾಟ ನಡೆದೇ ಇತ್ತು.

ಓವರ್ಸಿಯರ್ ಕುಡಿದು ಕಣ್ಣು ಮುಚ್ಚಿದರು. "ಅದೇ ನೋಡಯ್ಯಾ, ಅದೇ!" ಎಂದರು. ಇನ್ನು ಮೇಲೆ ಗುರುವಾರ ಗುರುವಾರ ಇಲ್ಲೇ ನಿಲ್ಲುತ್ತೇವೆಂದು ಹೇಳಿ ಹೋದರು.

ಲಾರಿಯ ಧೂಳು ಇಳಿಯಿತು. ಪಾರ್ವತೆಮ್ಮ ಗ್ಲಾಸು ತೊಳೆಯುತ್ತ ಕಾದಳು. ಶಿವಶರಣಪ್ಪ ಖಾಲಿ ಬಾಟಲಿಗಳನ್ನು ಎಣಿಸದೆಯೇ ಎತ್ತಿಕೊಂಡು ತಟ್ಟಿಯ ಆಚೆ ಹೋದ. ಆದೆಪ್ಪ ಒಲೆಯ ಬೂದಿ ಕೆದಕಿದ. ಆಮೇಲೆ ಆದೆಪ್ಪ ಮೆಲ್ಲಗೆ ಅವಳ ಹತ್ತಿರ ಬಂದ.

"ಪಾರ್ವತಿ, ಬರೋ ಗುರುವಾರಕ್ಕ ಗ್ಯಾಸು ಸ್ವಲ್ಪ ಜೋರು ತುಂಬು ಅಂತ ಅವಗ ಹೇಳು."

ಅವಳು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟಳು. ಅಷ್ಟರಲ್ಲೇ ಆಚೆಯಿಂದ, "ಅತ್ತಿಗೀ, ಒಂಚೂರು ಇಲ್ಲಿ ಬಾ," ಎಂಬ ದನಿಯೂ ಬಂತು.

ಇವರಿಗೆ ಬೈದಾಡಲು ಬಂತು, ಮಾತಾಡಲು ಬರಲಿಲ್ಲ. ಅವಳ ಸಿಟ್ಟು ನೆತ್ತಿಗೇರಿ ಇಳಿದ ಮೇಲೆ ಉಳಿದದ್ದು ಬರೀ ಆಯಾಸ. ಅವಳು ಮನೆಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದಳು.

"ಎಲ್ಲಿಗೆ?" ಎಂದ ಆದೆಪ್ಪ ಗಾಬರಿಯಿಂದ.

"ಮುದಗಲ್ಲಿಗೆ, ನಮ್ಮ ಅಕ್ಕನ ಮನಿಗೆ. ಎಂಟು ದಿನ."

"ಮತ್ತ ಗುರುವಾರ? ಅವಗ ಹೇಳಾವ್ರು ಯಾರು?"

"ಅದನ್ನ ನಿಮ್ಮ ತಮ್ಮನ್ನ ಕೇಳ್ರಿ."

ನಾಲ್ಕು ಗಂಟೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನೆರಳು ಶಿವಶರಣಪ್ಪನ ಕಡೆ ಸರಿದಿತ್ತು. ಅವನು ಹೊರಗೆ ಬಂದು ಬಾಟಲಿ ಒರೆಸುತ್ತ ನಿಂತಿದ್ದ. ಆದೆಪ್ಪ ತನ್ನ ಅಂಗಡಿಯ ಅಂಚಿಗೆ, ಬಿಸಿಲಲ್ಲೇ, ಬಂದು ನಿಂತ. ಬಸ್ಸನ್ನು ನೋಡಿದ. ನೆಲ ನೋಡಿದ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಡ್ರೈವರ್ ಇಂಜಿನ್ನು ಚಾಲೂ ಮಾಡಿದ. ಕಿಟಕಿಯ ಚೌಕಟ್ಟೆಲ್ಲ ಗಡಗಡ ನಡುಗಿತು.

ಬಸ್ಸು ತಿರುಗುವಾಗ ಗಂಡನ ತುಟಿ ಅಲುಗಿದ್ದು ಅವಳಿಗೆ ಕಂಡಿತು. ಶಿವಶರಣಪ್ಪ ಬಾಟಲಿಯಿಂದ ಕಣ್ಣು ತೆಗೆದು ಅಣ್ಣನ ಕಡೆ ನೋಡಿದ. ಏನಂದನೋ, ಇಂಜಿನ್ನಿನ ಗದ್ದಲದಲ್ಲಿ ಅವಳಿಗೆ ಒಂದಕ್ಷರವೂ ಕೇಳಲಿಲ್ಲ. ಕೇಳಿಸಿಕೊಳ್ಳಲು ಅವಳು ಕತ್ತು ಹೊರಗೆ ಹಾಕಲೂ ಇಲ್ಲ.